ಹದಿನೇಳು ಹೆಬ್ಬೆಟ್ಟು

ದಂಡದ ಚೀಟಿ ಬಿದ್ದ ದಿನ ಕೆಂಪರಾಜು ಹೆಂಡತಿಗೆ ತಪ್ಪದೆ ಒಂದು ಮೊಳ ಹೂವು ತರುತ್ತಿದ್ದ. ಹೂವನ್ನು ಹುಳದ ಮನೆಯ ಬಾಗಿಲಾಚೆಯ ಮೊಳೆಗೆ ಸಿಕ್ಕಿಸಿ, ಚೀಟಿಯನ್ನು ಬಾಗಿಲ ಕೆಳಗಿನ ಸಂದಿಯಿಂದ ಒಳಕ್ಕೆ ತೂರಿಸುತ್ತಿದ್ದ.

"ಒಂದು ಹೆಬ್ಬೆಟ್ಟು ಒತ್ಬಿಡು ವನಜಾ."

"ಎಲ್ಲಿ ಹಾರಿಸ್ದೆ?"

"ಏಳುಕಲ್ಲು ಗೇಟ್ ಹತ್ರ. ಅರವತ್ತರ ಜಾಗ. ಎಂಬತ್ತೆಂಟು ಹೋಗ್ಬಿಟ್ಟದೆ."

"ಹೋಗ್ಬಿಟ್ಟದೆ ಅಂದ್ರೆ? ಬಂಡಿ ತಾನಾಗೇ ಹೋಯ್ತಾ?"

"ಹುಳ ಬಿಸಿಲಿಗೆ ಸಿಕ್ಕಿ ಬಾಡಿದ್ರೆ ನೀನೇ ತಾನೆ ಬಯ್ಯೋದು?"

ವನಜಾಕ್ಷಿ ಕೈಗವಸು ತೆಗೆದು, ಚೀಟಿಯ ಮೂಲೆಯ ಹೊಳಪಿನ ಚೌಕದ ಮೇಲೆ ಹೆಬ್ಬೆರಳು ಒತ್ತುವಳು. ಚೌಕ ಕೆಂಪಗಾಗುವುದು. ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ, ಅಲುಗಾಡುವ ತಟ್ಟೆ ಸ್ಟ್ಯಾಂಡಿನ ಕಾಲ ಕೆಳಗೆ ತುರುಕುವಳು. ಮತ್ತೆ ಕೈ ತೊಳೆದು ಹುಳಗಳ ಬಳಿ ಹೋಗುವಳು.

ಅವರದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆದು ಹೊರಬಂದ ಕೂದಲೆಳೆಯಂಥ ಮರಿಗಳಿಗೆ ಎಳೆಯ ಸೊಪ್ಪು ಹೆಚ್ಚಿ ಹಾಕಿ, ಎರಡು ಸಲ ಪೊರೆ ಬಿಡುವವರೆಗೆ ಸಾಕಿ, ಆಮೇಲೆ ರೈತರ ಮನೆಗೆ ಮುಟ್ಟಿಸುವ ಕೆಲಸ. ಹುಳ ಮುಟ್ಟಿಸುವುದು ಕೆಂಪರಾಜು. ಬಿಸಿಲೇರುವ ಮುಂಚೆ ಐದಾರು ಹಳ್ಳಿ ಸುತ್ತಬೇಕು. ಸಾಕುವುದು ವನಜಾಕ್ಷಿ. ಮರಿಹುಳಕ್ಕೆ ಹೊರಗಿನ ರೋಗ ಬಹಳ ಬೇಗ ತಗಲುತ್ತದೆ. ಹಾಗಾಗಿ ಹುಳ ನೋಡಿಕೊಳ್ಳುವವರು ಮದುವೆ, ಸಂತೆ, ತಿಥಿ ಎಂದು ಎಲ್ಲಿಗೂ ಹೋಗುವಂತಿಲ್ಲ. ಫೋನು ಕೂಡ ಒಳಗೆ ತರುವಂತಿಲ್ಲ. ಹನ್ನೊಂದು ವರ್ಷದಿಂದ ವನಜಾಕ್ಷಿ ಆ ಮನೆ ಮತ್ತು ಹಿಂದಿನ ಹಿಪ್ಪುನೇರಳೆ ತೋಟ ಬಿಟ್ಟು ಕದಲಿದ್ದು ಕಡಿಮೆ. ತವರಿಗೆ ಹೋದದ್ದು ಎರಡು ಸಲ, ಎರಡೂ ಸಾವಿಗೆ.

ವೇಗದ ಪಾಲಿನ ಕಾನೂನು ಬಂದು ಆಗಲೇ ಐದು ವರ್ಷವಾಗಿತ್ತು. ಅದಕ್ಕೂ ಮುಂಚೆ ದುಡ್ಡಿನ ದಂಡ ಕಟ್ಟಿ ಕಟ್ಟಿ ಜನ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ರಸ್ತೆಯಲ್ಲಿ ಸಾಯುವವರು ಸಾಯುತ್ತಲೇ ಇದ್ದರು. ಆಗ ಸರ್ಕಾರ ಬೇರೆ ದಾರಿ ಹಿಡಿಯಿತು. ಪ್ರತಿಯೊಬ್ಬರಿಗೂ ಗಂಟೆಗೆ ನೂರು ಕಿಲೋಮೀಟರಿನ ವೇಗದ ಪಾಲು. ರಸ್ತೆಬದಿಯ ಹಲಗೆಯಲ್ಲಿ ಬರೆದದ್ದಕ್ಕಿಂತ ಜೋರಾಗಿ ಹೋದರೆ ಬಂಡಿಯೊಳಗಿನ ಪೆಟ್ಟಿಗೆ ಅಲ್ಲೇ ಒಂದು ಚೀಟಿ ಉಗುಳುತ್ತದೆ. ಚೀಟಿಗೆ ಯಾರು ಹೆಬ್ಬೆಟ್ಟು ಒತ್ತುತ್ತಾರೋ ಅವರ ಪಾಲಿನಿಂದ ಐದು ಕಡಿತ, ಎರಡು ವರ್ಷದ ಮಟ್ಟಿಗೆ. ಅದು ಬಂಡಿಗೆ ಅಂಟುವ ಕಡಿತವಲ್ಲ, ಆಳಿಗೆ ಅಂಟುವಂಥದು. ಒಬ್ಬೊಬ್ಬರ ಎದೆ ಬಡಿತದ ಲಯ ಒಂದೊಂದು ಥರ. ಪ್ರತಿ ಬಂಡಿಯ ಸೀಟಿನಲ್ಲೂ ನೆಲದಲ್ಲೂ ಆ ಬಡಿತವನ್ನು ಓದುವ ತಗಡು ಕೂರಿಸಿದ್ದರು. ಒಳಗಿರುವವರಲ್ಲಿ ಯಾರ ಪಾಲು ಎಲ್ಲರಿಗಿಂತ ಕಡಿಮೆಯೋ, ಇಂಜಿನ್ನು ಅದಕ್ಕಿಂತ ಜೋರಾಗಿ ತಿರುಗುವುದೇ ಇಲ್ಲ.

ಇಷ್ಟು ಬಿಗಿಯಾಗಿ ಕಟ್ಟಿದ ಬೇಲಿಯಲ್ಲೂ ಒಂದು ಸಂದಿ ಉಳಿದಿತ್ತು. ಯಾರು ಯಾವಾಗ ಎಲ್ಲಿದ್ದರು ಎಂದು ಯಂತ್ರ ಬರೆದಿಟ್ಟುಕೊಳ್ಳಬಾರದೆಂದು ಕೋರ್ಟು ಹೇಳಿತ್ತು. ಹಾಗಾಗಿ ಓಡಿಸಿದ್ದು ಯಾರೆಂದು ಚೀಟಿಗೆ ಗೊತ್ತಿಲ್ಲ. ಮನೆಯವರಲ್ಲಿ ಒಬ್ಬರು ಒಪ್ಪಿಕೊಂಡರೆ ಸಾಕು.

ಚಾಕಿ ಮನೆಗಳ ಗಂಡಸರು ಆ ಸಂದಿಯಲ್ಲಿ ನುಗ್ಗಿದರು. ಮನೆ ಬಿಟ್ಟು ಹೋಗದ ಹೆಂಗಸರಿಗೆ ವೇಗ ಇಟ್ಟುಕೊಂಡು ಏನಾಗಬೇಕು? ಊರಿನ ಅಷ್ಟೂ ಕೇಂದ್ರಗಳಲ್ಲಿ ಚೀಟಿಗಳು ಹುಳದ ಮನೆಯ ಬಾಗಿಲ ಕೆಳಗೆ ತೂರತೊಡಗಿದವು. ಮೂಲೆಮನೆಯ ನಿಂಗಜ್ಜಿಯ ಹೆಸರಿಗೆ ಇಪ್ಪತ್ತು ಬಿದ್ದು ಪಾಲು ಸೊನ್ನೆಯಾಗಿತ್ತು. ಅಜ್ಜಿಯನ್ನು ಕೂರಿಸಿದರೆ ಬಂಡಿ ಅಲುಗಾಡುವುದೇ ಇಲ್ಲ, ಬೀಗದ ಖರ್ಚು ಉಳಿಯಿತು ಎಂದು ಮೊಮ್ಮಕ್ಕಳು ನಗುತ್ತಿದ್ದರು. ಅಜ್ಜಿಯೂ ನಗುತ್ತಿದ್ದಳು.

ವನಜಾಕ್ಷಿಯ ಹೆಸರಿಗೆ ಬಿದ್ದದ್ದು ಹದಿನೇಳು. ಸ್ಟ್ಯಾಂಡು ಈಗ ಒಂದಿಷ್ಟೂ ಅಲುಗುತ್ತಿರಲಿಲ್ಲ.

ದಸರಾ ರಜೆಯ ಒಂದು ಬೆಳಗ್ಗೆ, ಒಂಬತ್ತರ ಸುಮಾರು. ಕೆಂಪರಾಜು ಹುಳ ತುಂಬಿಕೊಂಡು ಹೋಗಿ ಮೂರು ಗಂಟೆಯಾಗಿತ್ತು. ವನಜಾಕ್ಷಿ ಟೋಪಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ತಟ್ಟೆಗಳಿಗೆ ಸೊಪ್ಪು ಉದುರಿಸುತ್ತಿದ್ದಳು. ಬಾಗಿಲಾಚೆ ಮಗಳು ಇಂಚರಳ ದನಿ ಕೇಳಿತು. ಎಂಟು ವರ್ಷದ ಹುಡುಗಿ; ಹಿಪ್ಪುನೇರಳೆ ಹಣ್ಣು ಆರಿಸಲು ತೋಟಕ್ಕೆ ಹೋಗಿದ್ದಳು.

"ಅಮ್ಮ, ಕಾಲಿಗೆ ಏನೋ ಚುಚ್ತು."

"ಮುಳ್ಳಿರ್ಬೇಕು. ಕಾಲು ತೊಳ್ಕೊ. ಬಂದೆ."

ನಡುವೆ ಕೈ ಬಿಟ್ಟು ಹೊರಹೋದರೆ ಮತ್ತೆ ಕೈ ತೊಳೆದು ಬಟ್ಟೆ ಬದಲಿಸಬೇಕು. ಅವಳು ಆ ತಟ್ಟೆ ಮುಗಿಸಿದಳು. ಪಕ್ಕದ್ದನ್ನೂ ಮುಗಿಸಿದಳು. ಆಮೇಲೆ ಸೊಪ್ಪು ಕೊಯ್ಯುವ ದೇವೀರಮ್ಮನ ಕೂಗು ಕೇಳಿಸಿತು. ಆ ಕೂಗಿನಲ್ಲಿ ಮುಳ್ಳಿನ ಮಾತಿರಲಿಲ್ಲ.

ಹೊರಗೆ ಬಂದು ನೋಡಿದರೆ ಮಗುವಿನ ಪಾದ ಊದಿ ಹೊಳೆಯುತ್ತಿತ್ತು. ಎರಡು ಚುಕ್ಕೆ, ಒಂದರಿಂದ ರಕ್ತ ಒಸರುತ್ತಲೇ ಇತ್ತು, ನಿಲ್ಲುತ್ತಿರಲಿಲ್ಲ.

"ಕೊಳಕುಮಂಡಲ ಕಣವ್ವ," ಎಂದಳು ದೇವೀರಮ್ಮ. "ಗಿಡದ ಬುಡದಲ್ಲಿ ಬುಸ್ ಅಂತಿತ್ತು. ಕಣ್ಣಾರೆ ಕಂಡೆ. ಆಂಬುಲೆನ್ಸಿಗೆ ಫೋನ್ ಮಾಡಿವ್ನಿ."

ವನಜಾಕ್ಷಿಯ ಕೈ ತಡವರಿಸಲಿಲ್ಲ. ಕೂದಲೆಳೆಯಂಥ ಹುಳವನ್ನು ಗರಿಯಿಂದ ಎತ್ತಿ ಕೂರಿಸಿ ಪಳಗಿದ ಕೈ ಅದು. ಕಾಲು ಅಲುಗದಂತೆ ಒಂದು ಬಿದಿರು ದಬ್ಬೆಗೆ ಸಡಿಲವಾಗಿ ಕಟ್ಟಿದಳು. ಕಚ್ಚಿದ ಜಾಗವನ್ನು ಕೊಯ್ಯಲು ಬಂದ ಪಕ್ಕದ ಮನೆಯವನನ್ನು ಗದರಿ ಆಚೆ ಕಳಿಸಿದಳು. ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು, "ಏನಾಗಲ್ಲ, ಸೂಜಿ ಕೊಟ್ರೆ ಹೋಯ್ತದೆ" ಎಂದಳು. ವಿಷ ಇಳಿಸುವ ಆ ಸೂಜಿ ಇರುವುದು ಮೂವತ್ತೆರಡು ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಯಲ್ಲಿ ಮಾತ್ರ.

ಆಂಬುಲೆನ್ಸು ಹನ್ನೆರಡು ನಿಮಿಷಕ್ಕೆ ಬಂತು. ಅದರೊಳಗಿನ ಆರೈಕೆಯವನು ಯಮನೂರಪ್ಪ, ಬಿಜಾಪುರದ ಕಡೆಯವನು. ಮಗುವಿನ ಕೈಗೆ ಸೂಜಿ ಚುಚ್ಚಿ ಸಲೈನ್ ಹರಿಯಬಿಟ್ಟು, "ದಬ್ಬಿ ಚಲೋ ಕಟ್ಟೀರಿ ಅಕ್ಕಾರ" ಎಂದ. ವನಜಾಕ್ಷಿ ಹತ್ತಿ ಮಗಳ ಪಕ್ಕ ಕುಳಿತಳು. ಬಾಗಿಲು ಮುಚ್ಚಿತು. ಸೈರನ್ ಕೂಗಿತು. ಗಾಡಿ ಹೊರಟಿತು.

ಹೊರಟಿತೇನೋ ನಿಜ, ಆದರೆ ಕಿಟಕಿಯಾಚೆಯ ಬೇಲಿಯ ಗೂಟಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಒಂದು ನಾಯಿ ಪಕ್ಕದಲ್ಲೇ ಬೊಗಳುತ್ತಾ ಓಡಿ ಬಂತು, ಮುಂದಕ್ಕೂ ಹೋಯಿತು. ಊರಾಚೆ ಎರಡು ಕಿಲೋಮೀಟರು ಬಂದರೂ ಅದೇ ನಡೆ.

"ಯಾಕೋ ಏಳಂಗಿಲ್ಲ ಗಾಡಿ?" ಎಂದು ಯಮನೂರಪ್ಪ ಮುಂದಕ್ಕೆ ಕೂಗಿದ.

"ಬೋರ್ಡ್ ನೋಡಣ್ಣ," ಎಂದ ಡ್ರೈವರು.

ಬಾಗಿಲ ಮೇಲಿನ ಪುಟ್ಟ ಬೋರ್ಡಿನಲ್ಲಿ ಅಂಕೆಗಳು ಹೊತ್ತಿದ್ದವು. ಡ್ರೈವರು ನೂರು. ಯಮನೂರಪ್ಪ ತೊಂಬತ್ತೈದು. ರೋಗಿಯ ಎದುರು ಬರೀ ಹಸಿರು ಗೀಟು, ರೋಗಿಗೆ ತಡೆಯಿಲ್ಲ. ಜೊತೆಗಿರುವವರು: ಹದಿನೈದು.

ಯಮನೂರಪ್ಪ ಆ ಅಂಕೆಯನ್ನು ನೋಡಿ, ಅವಳ ಟೋಪಿಯನ್ನು ನೋಡಿ, ಮೆಲ್ಲಗೆ ಕೇಳಿದ: "ಅಕ್ಕಾರ, ನಿಮ್ಮ ಹೆಸರಿಲೆ ಎಷ್ಟ ಚೀಟಿ ಅದಾವ್ರಿ?"

"ಹದಿನೇಳು."

"ನೀವು ಗಾಡಿ ಹೊಡೀತೀರೇನು?"

"ನಂಗೆ ಸೈಕಲ್ ಬಿಟ್ರೆ ಬೇರೆ ಬರಲ್ಲ."

ಅವನು ನಗಲಿಲ್ಲ. "ನಿಮ್ಮಂಥಾ ಅಕ್ಕಗೋಳನ್ನ ವಾರಕ್ಕ ಒಬ್ರನ್ನರೆ ನೋಡ್ತೇನ್ರಿ," ಎಂದು ಗೋಡೆಯ ಪರದೆಯನ್ನು ಒತ್ತಿದ.

ಪರದೆಯಲ್ಲಿ ಕಂಟ್ರೋಲ್ ರೂಮು ತೆರೆದುಕೊಂಡಿತು. ದೊಡ್ಡದೊಂದು ಕೋಣೆ, ಗೋಡೆಯ ತುಂಬ ರಸ್ತೆಗಳ ಗೆರೆ, ಗೆರೆಗಳ ಮೇಲೆ ಸಾವಿರಾರು ಚುಕ್ಕೆ. ಬೇರೆಲ್ಲ ಚುಕ್ಕೆಗಳು ಹರಿಯುತ್ತಿದ್ದವು. ಒಂದು ಮಾತ್ರ ಅಂಟಿಕೊಂಡಂತಿತ್ತು. ಅದು ತಾವೇ ಎಂದು ವನಜಾಕ್ಷಿಗೆ ಯಾರೂ ಹೇಳಬೇಕಾಗಲಿಲ್ಲ. ಎದುರಿಗೆ ಕೂತಿದ್ದ ಹೆಣ್ಣುಮಗಳ ಎದೆಯ ಮೇಲೆ ಶಾಹಿದಾ ಎಂದು ಬರೆದಿತ್ತು.

"ಮೇಡಂ, ಜೊತೀಗ ಬಂದವ್ರದು ಹದಿನೈದೈತ್ರಿ. ಕೂಸಿಗೆ ಹಾವು ಕಡದೈತಿ. ತಡಿ ತಗೀರಿ."

ಶಾಹಿದಾ ಕೀಲಿಮಣೆ ಕುಟ್ಟಿದಳು. "ಅದು ನನ್ನ ಕೈಲಿಲ್ಲ ಯಮನೂರಪ್ಪ. ದುಡ್ಡಿದ್ದೋರು ಆಂಬುಲೆನ್ಸ್ ಬಾಡಿಗೆಗೆ ತಗೊಂಡು ಏರ್‌ಪೋರ್ಟಿಗೆ ಹೋಗೋಕೆ ಶುರು ಮಾಡಿದ್ರಲ್ಲ, ಅವತ್ತಿಂದ ಜೊತೆಗಿರೋರಿಗೆ ವಿನಾಯ್ತಿ ನಿಲ್ಲಿಸಿದಾರೆ. ಚೀಟಿ ಹಿಂದುಗಡೆ ಬರೆದಿರುತ್ತೆ. ಅಧಿಕಾರಿಗೆ ಕೇಳಿಕೆ ಕಳಿಸ್ತೀನಿ. ಉತ್ತರ ಬರೋಕೆ ಇಪ್ಪತ್ತೈದು ನಿಮಿಷ ಆದ್ರೂ ಆಗುತ್ತೆ, ಬಂದ್ರೆ."

ಚೀಟಿಯ ಹಿಂದುಗಡೆ. ವನಜಾಕ್ಷಿ ಎಸ್ಸೆಸ್ಸೆಲ್ಸಿ ಪಾಸಾದವಳು, ಓದು ಬರುತ್ತಿತ್ತು. ಹದಿನೇಳು ಸಲವೂ ಹಿಂದುಗಡೆಯನ್ನು ಒಳಮಾಡಿಯೇ ಮಡಿಸಿದ್ದಳು.

"ಹದಿನೈದರಲ್ಲಿ ಹೋದ್ರೆ ಎಷ್ಟೊತ್ತು?" ಎಂದು ಕೇಳಿದಳು.

"ಎರಡು ತಾಸು," ಎಂದ ಯಮನೂರಪ್ಪ. ಮಗುವಿನ ವಸಡಿನಿಂದ ರಕ್ತ ಜಿನುಗತೊಡಗಿದ್ದನ್ನು ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿದ್ದನ್ನು ಅವಳಿಗೆ ಕಾಣದಂತೆ ಮಡಿಸಿಕೊಂಡ. ಅವಳು ಕಂಡಿದ್ದಳು.

"ನಾನಿಲ್ದಿದ್ರೆ?"

ಪರದೆಯೊಳಗಿನ ಶಾಹಿದಾ ಹೇಳಿದಳು: "ಇಪ್ಪತ್ತು ನಿಮಿಷ ಅಕ್ಕ. ದಾರಿಯ ಸಿಗ್ನಲ್ ಎಲ್ಲ ನಾನು ತೆರೆದಿಡ್ತೀನಿ. ಮಗು ಅಪ್ಪನಿಗೂ ಈಗಲೇ ಫೋನ್ ಮಾಡ್ತೀನಿ."

ಗಾಡಿ ನಿಂತಿತು. ಇಂಚರಳಿಗೆ ಅರ್ಥವಾಯಿತು. ಅವಳ ಬೆರಳುಗಳು ಹಣ್ಣಿನ ರಸದಿಂದ ಕೆನ್ನೀಲಿಯಾಗಿದ್ದವು. ಆ ಐದು ಬೆರಳೂ ತಾಯಿಯ ಮಣಿಕಟ್ಟನ್ನು ಕಚ್ಚಿ ಹಿಡಿದವು.

"ಅಮ್ಮ, ಇಳೀಬೇಡ. ನಂಗೆ ಭಯ ಆಯ್ತದೆ."

"ಹಿಂದೆನೇ ಬತ್ತೀನಿ ಕಂದ."

"ಸುಳ್ಳು. ನಿನ್ ಹತ್ರ ಬಂಡಿ ಇಲ್ಲ."

ವನಜಾಕ್ಷಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳಿನಿಂದ ಶುರುಮಾಡಿದಳು. ಹೆಬ್ಬೆರಳು ಕೊನೆಯದು, ಅದು ಬಿಡಲಿಲ್ಲ, ಯಮನೂರಪ್ಪ ಕೈ ಹಾಕಬೇಕಾಯಿತು.

"ಕೂಸಿನ ನಾ ನೋಡ್ಕೋತೇನ್ರಿ," ಎಂದ. "ನನಗೂ ಇಷ್ಟ ದೊಡ್ಡಾಕಿ ಅದಾಳ."

ಅವಳು ಇಳಿದು ಬಾಗಿಲು ಮುಚ್ಚುವ ಮೊದಲೇ ಇಂಜಿನ್ನಿನ ದನಿ ಬದಲಾಯಿತು. ಕಟ್ಟು ಬಿಚ್ಚಿದ ಎತ್ತಿನಂತೆ ಗಾಡಿ ಮುಂದಕ್ಕೆ ಹಾರಿತು. ಧೂಳು ಅಡಗುವಷ್ಟರಲ್ಲಿ ಸೈರನ್ನೂ ಕೇಳಿಸದಾಯಿತು. ಟೋಪಿ ಹಾಕಿಕೊಂಡು, ಬರಿಗಾಲಲ್ಲಿ, ಫೋನಿಲ್ಲದೆ ಅವಳು ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಮಣಿಕಟ್ಟಿನ ಮೇಲೆ ಕೆನ್ನೀಲಿ ಹೆಬ್ಬೆಟ್ಟಿನ ಗುರುತು ಒದ್ದೆಯಾಗಿತ್ತು.

ಓಡಿದಳು, ನಡೆದಳು, ಮತ್ತೆ ಓಡಿದಳು. ಕೈ ಅಡ್ಡ ಹಾಕಿದ್ದಕ್ಕೆ ಒಂದು ಬಸ್ಸು ನಿಂತಿತು. ಹತ್ತಿದ ಕೂಡಲೇ ಬಾಗಿಲ ಬೋರ್ಡು ಕಿರ್ರೆಂದಿತು. ಬಸ್ಸು ತೆವಳತೊಡಗಿತು. ಐವತ್ತು ತಲೆಗಳು ಒಟ್ಟಿಗೆ ತಿರುಗಿದವು.

"ಹದಿನೈದು ಕಣಮ್ಮ ನಿಂದು," ಎಂದ ಕಂಡಕ್ಟರ್. "ಎಲ್ಲಿಗೆ?"

"ದೊಡ್ಡಾಸ್ಪತ್ರೆಗೆ. ಮಗೀಗೆ ಹಾವು ಕಚ್ಚದೆ. ಮುಂದೆ ಹೋಯ್ತು ಆಂಬುಲೆನ್ಸಲ್ಲಿ."

"ಯಾರ್ದೋ ಚೀಟಿ ಹೊತ್ಕೊಂಡು ಬಸ್ ಹತ್ತವ್ರೆ," ಎಂದ ಹಿಂದಿನ ಸೀಟಿನವನು. "ಇಳಿಸ್ರೀ. ಹನ್ನೊಂದಕ್ಕೆ ನಂಗೆ ಇಂಟರ್‌ವ್ಯೂ."

"ನಿನ್ ಬಾಯಿಗೆ ಮಣ್ಣು ಹಾಕ," ಎಂದಳೊಬ್ಬ ಮುದುಕಿ. "ಕೂತ್ಕೊ ಮಗಳೆ. ತೆವಳ್ಲಿ ಬಸ್ಸು."

ವನಜಾಕ್ಷಿ ಕೂರಲಿಲ್ಲ. ಒಬ್ಬ ಹೆಂಗಸು ಕಿಟಕಿಗೆ ತಲೆಯಿಟ್ಟು ನರಳುತ್ತಿದ್ದಳು; ಇನ್ನೊಬ್ಬಳ ಮಡಿಲಲ್ಲಿ ಕೆಮ್ಮುವ ಕೂಸಿತ್ತು. ಇವರಲ್ಲಿ ಯಾರು ಎಲ್ಲಿಗೆ ಯಾಕೆ ಹೊರಟಿದ್ದಾರೋ. ತನ್ನ ಪಾಲು ಇವರೆಲ್ಲರ ಮೇಲೂ ಬೀಳುತ್ತಿತ್ತು.

"ಮುಂದೆ ಎಳನೀರು ಅಂಗಡಿ ಅದೆ," ಎಂದು ಕಂಡಕ್ಟರ್ ದನಿ ತಗ್ಗಿಸಿದ. "ಅವನ ಹತ್ರ ಸೈಕಲ್ ಅದೆ. ಸೈಕಲಿಗೆ ನಿನ್ನ ಎದೆ ಗೊತ್ತಾಗಲ್ಲ. ಇದಕ್ಕಿಂತ ಅದೇ ವಾಸಿ."

ಎಳನೀರಿನವನು ಮಚ್ಚು ಕೆಳಗಿಟ್ಟು, ಅವಳ ಮಾತು ಮುಗಿಯುವ ಮೊದಲೇ ಸೈಕಲ್ಲನ್ನು ಮರದಿಂದ ಬಿಡಿಸಿದ. "ಆಸ್ಪತ್ರೆ ಕಾಂಪೌಂಡಲ್ಲಿ ನಿಲ್ಸಕ್ಕ. ಬೀಗ ಇಲ್ಲ. ಈ ರೂಪದಲ್ಲಿ ಅದನ್ನ ಯಾರೂ ಕದಿಯಲ್ಲ." ತನ್ನ ಚಪ್ಪಲಿಯನ್ನೂ ಬಿಟ್ಟುಕೊಟ್ಟ.

ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನ ಮೇಲೆ ಕಲಿತದ್ದು. ಇಪ್ಪತ್ತು ವರ್ಷವಾಗಿತ್ತು. ಮೊದಲ ಫರ್ಲಾಂಗು ಹಾವಿನಂತೆ ಹರಿದಾಡಿ, ಆಮೇಲೆ ಕಾಲಿಗೆ ನೆನಪು ಬಂತು. ಹಳೆಯ ಸೇತುವೆ ದಾಟಿದಳು. ಒಂದೇ ಗಾಡಿ ಹಿಡಿಸುವಷ್ಟು ಕಿರಿದು. ಸೇತುವೆಯಾಚೆ ಎರಡು ಕಿಲೋಮೀಟರು ಬಂಡೆ ಸೀಳಿ ಮಾಡಿದ ದಾರಿ. ಎರಡು ಕಡೆಯೂ ಕಲ್ಲುಗೋಡೆ, ಸರಿಯಲು ಜಾಗವಿಲ್ಲ. ತುಳಿಯುತ್ತಾ ತುಳಿಯುತ್ತಾ ಅವಳು ಲೆಕ್ಕ ಹಾಕುತ್ತಿದ್ದಳು. ಈಗ ಆಸ್ಪತ್ರೆಯ ಬಾಗಿಲು ಮುಟ್ಟಿರಬೇಕು. ಈಗ ಸೂಜಿ ಕೊಟ್ಟಿರಬೇಕು. ಅಥವಾ ಈಗ—. ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ.

ಕಲ್ಲುಗೋಡೆಗಳ ನಡುವೆ ಹಿಂದಿನಿಂದ ಒಂದು ಮೊರೆತ ಕೇಳಿಸಿತು. ತಿರುಗಿ ನೋಡುವಷ್ಟು ಪುರುಸೊತ್ತಾಗಲಿಲ್ಲ. ಬಿಳಿಯದೊಂದು ಗೋಡೆ ಅವಳ ಮೊಣಕೈಗೆ ಒಂದು ಗೇಣು ಬಿಟ್ಟು ಸಿಡಿದು ಹೋಯಿತು. ಆ ಗಾಳಿಗೆ ಸೈಕಲ್ಲು ಬಂಡೆಗೆ ಬಡಿಯಿತು. ಭುಜ ತರಚಿತು, ಟೋಪಿ ಹಾರಿತು. ಬಿದ್ದಲ್ಲಿಂದ ತಲೆಯೆತ್ತಿದಾಗ ದೂರದಲ್ಲಿ ಕಿರಿದಾಗುತ್ತಿದ್ದ ಬಂಡಿಯ ಹಿಂಬದಿ ಕಾಣಿಸಿತು. ಅದರ ಮೇಲೆ ತನ್ನ ಕೈಯಾರೆ ಬಿಡಿಸಿದ ರೇಷ್ಮೆಗೂಡಿನ ಚಿತ್ರವಿತ್ತು.

ಕೆಂಪರಾಜು ಎಷ್ಟು ಜೋರಾಗಿ ಓಡಿಸುತ್ತಾನೆಂದು ಅವಳು ಅವತ್ತೇ ಮೊದಲು ನೋಡಿದ್ದು. ಹದಿನೇಳು ಸಲ ಎಂಬತ್ತೆಂಟು, ತೊಂಬತ್ತೆರಡು ಎಂದು ಕೇಳಿದ್ದಳು. ಅವು ಬಾಗಿಲ ಸಂದಿಯಿಂದ ಬಂದ ಅಂಕೆಗಳು. ಆ ಅಂಕೆಗೆ ಇಂಥ ಗಾಳಿಯಿದೆ, ಇಂಥ ಮೊರೆತವಿದೆ ಎಂದು ಚೀಟಿ ಹೇಳಿರಲಿಲ್ಲ. ಆದರೂ ಅವಳ ಬಾಯಿ ತನ್ನಷ್ಟಕ್ಕೆ ತಾನೇ ಹೇಳುತ್ತಿತ್ತು: ಇನ್ನೂ ಜೋರಾಗಿ ಹೋಗು. ಇನ್ನೂ ಜೋರಾಗಿ.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಬಾಗಿಲಲ್ಲೇ ಯಮನೂರಪ್ಪ ಕಾದಿದ್ದ. ಅವನ ಪಾಳಿ ಮುಗಿದಿರಲಿಲ್ಲ. ಗಾಡಿ ತೊಳೆಯುವ ನೆಪ ಹೇಳಿ ಉಳಿದುಕೊಂಡಿದ್ದ. ಅವಳನ್ನು ಕಾಣುತ್ತಲೇ ಎರಡೂ ಕೈ ಮೇಲೆತ್ತಿ, "ಅದಾಳ್ರಿ, ಅದಾಳ" ಎಂದ. ವನಜಾಕ್ಷಿ ಅವನ ಹಿಂದೆ ಒಳಕ್ಕೆ ಓಡಿದಳು.

ಔಷಧಿ ಹಿಡಿದಿದೆ, ಆದರೆ ಮೂತ್ರದ ಬಣ್ಣ ತಿಳಿಯಾಗುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಗಾಜಿನಾಚೆ ಮಗು ನಿದ್ದೆಯಲ್ಲಿತ್ತು. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಎಂದು ಶುರುಮಾಡಿದ ನರ್ಸು, ತಾಯಿಯ ಮುಖ ನೋಡಿ ಮಾತು ನುಂಗಿದಳು.

ಕೆಂಪರಾಜು ಬೆಂಚಿನ ಮೇಲೆ ಕುಳಿತಿದ್ದ. ಕೈಯಲ್ಲಿ ಒಂದು ಚೀಟಿ. ಹೂವಿರಲಿಲ್ಲ.

"ಶಾಲೆ ಮುಂದೆ," ಎಂದ ತಾನಾಗಿಯೇ. "ನಲವತ್ತರ ಜಾಗ. ತೊಂಬತ್ತೆಂಟು. ರಜೆ ಇತ್ತು, ಪುಣ್ಯ."

"ಕಲ್ಲು ಸೀಳಿದ ದಾರೀಲಿ ಒಂದು ಸೈಕಲ್ ಸಿಕ್ತಾ?"

"ಸೈಕಲ್ಲಾ? ನೋಡ್ಲಿಲ್ಲ ಕಣೇ. ಕಣ್ಣಿಗೆ ರಸ್ತೆ ಬಿಟ್ರೆ ಏನೂ ಕಾಣ್ತಿರ್ಲಿಲ್ಲ."

"ಅದು ನಾನು."

ಅವನು ಅವಳ ಭುಜವನ್ನು ನೋಡಿದ. ತರಚಿದ ಜಾಗದಲ್ಲಿ ಕಲ್ಲಿನ ಪುಡಿ ಇನ್ನೂ ಅಂಟಿಕೊಂಡಿತ್ತು.

ವನಜಾಕ್ಷಿ ಪಕ್ಕದಲ್ಲಿ ಕುಳಿತಳು. ಬಯ್ಯುವ ಶಕ್ತಿ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ವಿಷಯ.

"ಅರವತ್ತರ ಬದ್ಲು ತೊಂಬತ್ತು ಹೋದ್ರೆ ಸಲಕ್ಕೆ ಎಷ್ಟೊತ್ತು ಉಳೀತಿತ್ತು?"

"ಹತ್ತು ನಿಮಿಷ. ಒಂದೊಂದಿನ ಹನ್ನೆರಡು."

"ಆ ಹತ್ತು ನಿಮಿಷದಲ್ಲಿ ಏನ್ಮಾಡ್ತಿದ್ದೆ?"

ಕೆಂಪರಾಜು ಯೋಚಿಸಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಚೀಟಿಯ ವಿಷಯದಲ್ಲಿ ಕೂಡ ಅವಳಿಗೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

"ಗೇಟ್ ಹತ್ರ ಟೀ ಕುಡೀತಿದ್ದೆ," ಎಂದ.

ಆಮೇಲೆ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಚೀಟಿಯ ಚೌಕದ ಮೇಲೆ ಒತ್ತಿದ. ಅದು ಕೆಂಪಗಾಯಿತು. ಅವನ ಹೆಸರಿಗೆ ಬಿದ್ದ ಮೊದಲ ಚೀಟಿ ಅದು. ಬಂಡಿಯಲ್ಲಿ ಉಳಿದಿದ್ದ ಹುಳಗಳು ಆಸ್ಪತ್ರೆಯಂಗಳದ ಬಿಸಿಲಿನಲ್ಲಿ ಅವತ್ತೇ ಸತ್ತವು.

ಆರನೆಯ ದಿನ ಮಗುವನ್ನು ಮನೆಗೆ ಕಳಿಸಿದರು. ಮಗಳನ್ನು ತಾನು ಬಂಡಿಯಲ್ಲಿ ಕರೆದೊಯ್ಯುವುದು, ವನಜಾಕ್ಷಿ ಸೈಕಲ್ಲನ್ನು ಎಳನೀರಿನವನಿಗೆ ಮುಟ್ಟಿಸಿ, ಅಲ್ಲಿಂದ ನಡೆದು ಬರುವುದು ಎಂದು ಕೆಂಪರಾಜು ಲೆಕ್ಕ ಹಾಕಿದ್ದ. ಇಂಚರ ಒಪ್ಪಲಿಲ್ಲ. ಅಳಲಿಲ್ಲ, ಕೂಗಲಿಲ್ಲ. "ಅಮ್ಮ ಬರದ ಬಂಡೀಲಿ ನಾನು ಹತ್ತಲ್ಲ" ಎಂದು ಗೋಡೆಗೆ ಆತು ನಿಂತುಬಿಟ್ಟಳು. ಸೈಕಲ್ಲನ್ನು ಬಂಡಿಯ ಹಿಂದೆ ಹಾಕಿ ಮೂವರೂ ಹೊರಟರು. ಹದಿನೈದರಲ್ಲಿ.

ಹಿಂದೆ ಬಂದವರು ಹಾರನ್ ಒತ್ತಿದರು. ಪಕ್ಕಕ್ಕೆ ಬಂದು ಬಯ್ದು ಹೋದರು. ಕಿಟಕಿಯಿಂದ ಬೋರ್ಡಿನ ಅಂಕೆ ನೋಡಿ ಒಬ್ಬ, "ಅಮ್ಮನೋರು ಭಾರಿ ರೇಸು" ಎಂದು ಕೈ ಬೀಸಿದ. ಕೆಂಪರಾಜು ತಲೆ ಎತ್ತಲಿಲ್ಲ. ಜಾಗ ಸಿಕ್ಕಲ್ಲೆಲ್ಲ ಅಂಚಿಗೆ ಸರಿದು ದಾರಿ ಬಿಟ್ಟ. ಇಂಚರ ತಾಯಿಯ ತೋಳಿಗೆ ಒರಗಿ ತೂಕಡಿಸುತ್ತಿದ್ದಳು. ಕಲ್ಲು ಸೀಳಿದ ದಾರಿಯೊಳಕ್ಕೆ ಬಂಡಿ ಹೊಕ್ಕಿತು.

ಆಗ ಹಿಂದೆ ಸೈರನ್ ಕೇಳಿಸಿತು.

ಮೊದಲು ಸಣ್ಣಗೆ. ಆಮೇಲೆ ಎರಡು ಕಡೆಯ ಬಂಡೆಗೂ ಬಡಿದು ದೊಡ್ಡದಾಗಿ. ಕನ್ನಡಿಯಲ್ಲಿ ಕೆಂಪು ದೀಪ ಹತ್ತಿರವಾಗುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಆಗದ ರೋಗಿಗಳನ್ನು ಇದೇ ದಾರಿಯಲ್ಲಿ ನಗರಕ್ಕೆ ಸಾಗಿಸುತ್ತಿದ್ದರು. ಮುಂದೆ ಎರಡು ಕಿಲೋಮೀಟರು ಗೋಡೆ, ಅದಾದ ಮೇಲೆ ಸೇತುವೆ. ಸರಿಯಲು ಒಂದು ಮೊಳ ಜಾಗವಿಲ್ಲ. ಹದಿನೈದರಲ್ಲಿ ದಾಟಲು ಹತ್ತು ನಿಮಿಷ ಬೇಕು. ಕೆಂಪರಾಜು ಹೆಂಡತಿಯತ್ತ ತಿರುಗಲಿಲ್ಲ. ತಿರುಗಲು ಅವನಿಗೆ ಧೈರ್ಯವಿರಲಿಲ್ಲ.

"ನಿಲ್ಸು," ಎಂದಳು ವನಜಾಕ್ಷಿ.

ಇಂಚರ ಎಚ್ಚರಗೊಂಡಳು. ಸೈರನ್ ಕೇಳಿಸಿತು, ತಾಯಿ ಬಾಗಿಲಿಗೆ ಕೈ ಹಾಕುವುದು ಕಾಣಿಸಿತು. ಐದು ಬೆರಳೂ ಮಣಿಕಟ್ಟಿಗೆ ಬಂದು ಕೂತವು.

"ಅಮ್ಮ, ಇಳೀಬೇಡ."

"ಆ ಗಾಡೀಲೂ ಯಾರೋ ಮಲಗವ್ರೆ ಕಂದ."

"ಇಳೀಬೇಡ."

ಕಿರುಬೆರಳು. ಉಂಗುರದ ಬೆರಳು. ಈ ಸಲ ಸಹಾಯಕ್ಕೆ ಯಮನೂರಪ್ಪ ಇರಲಿಲ್ಲ. ಹೆಬ್ಬೆರಳನ್ನು ಅವಳೇ ಬಿಡಿಸಿದಳು.

ಕಾಲು ನೆಲ ಮುಟ್ಟಿತೋ ಇಲ್ಲವೋ, ಬಂಡಿ ಸಿಡಿದು ಹೋಯಿತು. ಅದರ ಹಿಂದೆಯೇ ಆಂಬುಲೆನ್ಸು ಗೋಡೆಗಂಟಿ ನಿಂತ ಅವಳ ಸೆರಗನ್ನು ಎಳೆದುಕೊಂಡಂತೆ ಹಾದು ಹೋಯಿತು. ಕಿಟಕಿಯಲ್ಲಿ ಒಂದು ಕ್ಷಣ ಒಬ್ಬ ಗಂಡಸಿನ ಬೆನ್ನು ಕಾಣಿಸಿತು, ಯಾರ ಮೇಲೋ ಬಾಗಿದ್ದ. ಆಮೇಲೆ ಏನೂ ಇಲ್ಲ. ಬಂಡೆಯ ಬಿಸಿ, ತನ್ನ ಚಪ್ಪಲಿಯ ಸದ್ದು.

ಅರ್ಧ ಗಂಟೆ ನಡೆದಳು. ಸೇತುವೆಯಾಚೆ, ಅಗಲವಾದ ಜಾಗದಲ್ಲಿ ಬಂಡಿ ನಿಂತಿತ್ತು. ಕೆಂಪರಾಜು ನೆರಳಿಗೆ ಸರಿಯದೆ ರಸ್ತೆಯಂಚಿನ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಇಂಚರ ಬಂಡಿಯ ಮೆಟ್ಟಿಲ ಮೇಲೆ, ಕಟ್ಟು ಹಾಕಿದ ಕಾಲು ಚಾಚಿಕೊಂಡಿದ್ದಳು.

ವನಜಾಕ್ಷಿ ಹತ್ತಿ ಕುಳಿತಳು. ಮಗಳು ಅವಳ ಕೈ ಹಿಡಿಯಲಿಲ್ಲ. ತಾಯಿಯ ಸೆರಗಿನ ತುದಿಯನ್ನು ಎಳೆದುಕೊಂಡು, ತನ್ನ ಫ್ರಾಕಿನ ಸೊಂಟದ ಪಟ್ಟಿಗೆ ಸೇರಿಸಿ ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು. ಬಿಗಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದಳು.

ಹದಿನೇಳು ಚೀಟಿಗಳೂ ತೀರಲು ಇನ್ನೂ ಇಪ್ಪತ್ತೊಂದು ತಿಂಗಳಿತ್ತು. ಬೋರ್ಡಿನ ಮೇಲೆ ಹದಿನೈದು ಹೊತ್ತಿತು. ಬಂಡಿ ತೆವಳತೊಡಗಿತು. ವನಜಾಕ್ಷಿ ಮಗಳ ತಲೆ ನೇವರಿಸುತ್ತ, ಹಿಂದಿನ ರಸ್ತೆಗೆ ಕಿವಿಗೊಟ್ಟು ಕುಳಿತಳು.